ಬಾಗಿಲು ಕರೆದರೂ ಓಗೊಡದ ಮಲ್ಕಮ್ಮ

ಬೆಳಕು ಹರಿಯುವ ಹೊತ್ತು. ಆಳಂದದ ಬಸ್ ನಿಲ್ದಾಣದಲ್ಲಿ ಗಡಿಯಾಚೆಗೆ ಹೋಗುವ ಮೊದಲ ಬಸ್ಸು ಇನ್ನೂ ಗುರುಗುಟ್ಟುತ್ತ ನಿಂತಿದೆ. ಅಫಜಲಪುರ ರಸ್ತೆಯ ಅಂಚಿಗಿರುವ ಮೂರಂತಸ್ತಿನ ಕಟ್ಟಡದ ಮುಂದೆ ಮಲ್ಕಮ್ಮ ಬಂದು ನಿಲ್ಲುತ್ತಾರೆ. ಬಗಲಲ್ಲಿ ಕಸಬರಿಗೆ, ನಡುವಿನಲ್ಲಿ ಎಲೆಅಡಿಕೆಯ ಸಂಚಿ, ಸಂಚಿಯೊಳಗೆ ಫೋನು. ಈ ಕಟ್ಟಡದ ಬಾಗಿಲಿಗೆ ಬೀಗವಿಲ್ಲ, ಕೀಲಿಕೈಯೂ ಇಲ್ಲ. ಹೆಸರು ನೋಂದಾಯಿಸಿದ ಫೋನನ್ನು ಹತ್ತಿರ ಹಿಡಿದರೆ ತೆರೆದುಕೊಳ್ಳುತ್ತದೆ. ಹಾಗೆ ದಿನಾ ಮೊದಲು ತೆರೆಯುವುದೇ ಮಲ್ಕಮ್ಮನ ಕೆಲಸ. ಆದರೆ ಅವರು ಬಂದ ಕೂಡಲೇ ಮಾಡುವುದು ಇದಕ್ಕೆ ತದ್ವಿರುದ್ಧ. ಫೋನು ಹೊರಗೆ ತೆಗೆದು, ಪಕ್ಕದ ಗುಂಡಿ ಒತ್ತಿ ಹಿಡಿದು, ಪರದೆ ಕಪ್ಪಾಗುವವರೆಗೆ ಕಾದು, ಅದನ್ನು ಪೂರ್ತಿ ಬಂದ್ ಮಾಡಿಬಿಡುತ್ತಾರೆ.

ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಾಗಿಲಿಂದ ದೂರ ಬೇವಿನ ಗಿಡದ ಕೆಳಗೆ ನಿಂತು ಕಿವಿಗೊಡುತ್ತಾರೆ. ಜೊತೆಗೆ ಬಂದ ಪತ್ರಿಕೆಯವರು ಏನೋ ಕೇಳಲು ಬಾಯಿ ತೆರೆದರೆ ಕೈಯೆತ್ತಿ ತಡೆಯುತ್ತಾರೆ. "ಜರಾ ಸುಮ್ನ ನಿಂದರ್ರಿ. ಮಾತಾಡಿದ್ರ ಕೇಳಸಂಗಿಲ್ಲ."

ಏನೂ ಕೇಳಿಸುವುದಿಲ್ಲ. ಎದುರಿನ ಚಹಾದ ಅಂಗಡಿಯಲ್ಲಿ ರಸೂಲ ಒಲೆ ಹೊತ್ತಿಸುವ ಸದ್ದು, ಕಟ್ಟಡದ ಹಿಂದಿನ ಸ್ಮಶಾನದ ಕಡೆಯಿಂದ ಒಂದು ಟಿಟ್ಟಿಭ ಹಕ್ಕಿಯ ಕೂಗು, ಅಷ್ಟೆ. ಸ್ವಲ್ಪ ಹೊತ್ತು ಕಳೆದ ಮೇಲೆ ಮಲ್ಕಮ್ಮ ಉಸಿರು ಬಿಟ್ಟು ಫೋನು ಮತ್ತೆ ಚಾಲೂ ಮಾಡಿ, ಬಾಗಿಲ ಪಕ್ಕದ ಕರಿ ಡಬ್ಬಿಗೆ ಹಿಡಿಯುತ್ತಾರೆ. ಹಸಿರು ದೀಪ ಹತ್ತುತ್ತದೆ, ಒಳಗೆಲ್ಲೋ ಕಬ್ಬಿಣ ಕಬ್ಬಿಣವನ್ನು ಬಿಟ್ಟ ಶಬ್ದವಾಗುತ್ತದೆ, ಬೆಂಗಳೂರು ಕಡೆಯ ನಯವಾದ ಹೆಣ್ಣುದನಿಯೊಂದು "ನಮಸ್ಕಾರ, ಮಲ್ಕಮ್ಮ" ಎನ್ನುತ್ತದೆ. ಮಲ್ಕಮ್ಮ ಅದಕ್ಕೆ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದಿಲ್ಲ. ತುಟಿ ಬಿಗಿದುಕೊಂಡು ಒಳಗೆ ಹೋಗಿ ಕಸ ಹೊಡೆಯತೊಡಗುತ್ತಾರೆ.

"ಇದು ನನ್ನ ಫೋನ್ ಕರದದ್ದು. ಇದು ಲೆಕ್ಕಕ್ಕಿಲ್ಲ," ಎನ್ನುತ್ತಾರೆ.

ಕಟ್ಟಡ ತೊಗರಿ ವ್ಯಾಪಾರಿ ಅಮರನಾಥ ಅವರದು. ಕೆಳಗೆ ಬಿತ್ತನೆ ಬೀಜದ ಗೋದಾಮು, ನಡುವೆ ಬೀಜ ಪರೀಕ್ಷೆಯ ಕೋಣೆ, ಮೇಲೆ ಬಾಡಿಗೆಗೆ ಕೊಟ್ಟ ಕಚೇರಿಗಳು. ಮೊದಲು ಇಲ್ಲಿ ದೊಡ್ಡ ಕೀಲಿಕೈ ಗೊಂಚಲೊಂದಿತ್ತು. ಒಬ್ಬರಿಗೆ ಕೊಟ್ಟರೆ ನಾಲ್ಕು ಜನರ ಹತ್ತಿರ ನಕಲು ಹುಟ್ಟುತ್ತಿತ್ತು. ರೋಸಿಹೋದ ಅಮರನಾಥ ಬೀಗಗಳನ್ನೆಲ್ಲ ಕೀಳಿಸಿ ಫೋನಿಗೆ ತೆರೆಯುವ ಬಾಗಿಲು ಹಾಕಿಸಿದರು. ಫೋನು ಬಾಗಿಲಿಗೆ ಗುಟ್ಟಾಗಿ ಒಂದು ಮಾತು ಹೇಳುತ್ತದಂತೆ, ಆ ಮಾತು ಪ್ರತಿ ಸಲ ಬೇರೆಯಂತೆ, ಕದ್ದು ಕೇಳಿದವನಿಗೆ ಅದು ಮತ್ತೆ ಕೆಲಸಕ್ಕೆ ಬರುವುದಿಲ್ಲವಂತೆ. ಕಳ್ಳರ ಹೊಟ್ಟೆಯ ಮೇಲೆ ಹೊಡೆಯುವ ಏರ್ಪಾಡು.

ಆದರೆ ಯಾವ ಏರ್ಪಾಡಿಗೂ ಮನುಷ್ಯರ ಕಾಟ ತಪ್ಪಿದ್ದಲ್ಲ. ಫೋನು ಮನೆಯಲ್ಲಿ ಮರೆತವರು, ಚಾರ್ಜು ಇಲ್ಲದವರು, ಹೊಸ ಫೋನು ಕೊಂಡು ಹಳೆಯದನ್ನು ಮಾರಿದವರು ಎಲ್ಲರೂ ಹಗಲಿಡೀ ಗಾಜಿನಾಚೆ ನಿಂತು ಮಲ್ಕಮ್ಮನನ್ನು ಕೂಗುತ್ತಾರೆ. ದಿನಕ್ಕೆ ಇಪ್ಪತ್ತು ಮೂವತ್ತು ಸಲವಾದರೂ ಮಾಳಿಗೆಯಿಂದ ಇಳಿದು ಬಂದು ಮುಖ ನೋಡಿ ಬಿಡಬೇಕು. ಬೀಜ ಪರೀಕ್ಷೆ ಮಾಡುವ ಜಯಮಾಲಾ ನಗುತ್ತಾರೆ. "ನನ್ನ ಫೋನ್ ದಿನಾ ಸಾಯ್ತದ್ರಿ. ಮೌಶಿ ಇಲ್ಲಾಂದ್ರ ನಾ ಬಯಲಾಗ ಕುಂತು ಬೀಜಾ ಎಣಸ್ಬೇಕು." ಗಡಿ ಊರಿನ ರೂಢಿಯಂತೆ ಇಲ್ಲಿ ಮಲ್ಕಮ್ಮ ಎಲ್ಲರಿಗೂ ಮೌಶಿ, ಅಂದರೆ ಚಿಕ್ಕಮ್ಮ. 'ಫೋನು ಸತ್ತದ' ಎಂಬ ಮಾತು ಕೇಳಿದಾಗ ಮಾತ್ರ ಈ ಚಿಕ್ಕಮ್ಮನ ಮುಖ ಒಂದು ಗಳಿಗೆ ಕಪ್ಪಿಡುತ್ತದೆ. ಅದಕ್ಕೆ ಕಾರಣವಿದೆ.

ಮಲ್ಕಮ್ಮನ ತವರು ಕಿಣ್ಣಿ ಸುಲ್ತಾನ, ಗಂಡನ ಮನೆ ಹಿರೋಳ್ಳಿ. ಗಂಡನ ಹೆಸರು ಹುಲೆಪ್ಪ. ಈ ಬರಹದಲ್ಲಿ ಎರಡು ಕಡೆ ಬಿಟ್ಟರೆ ಆ ಹೆಸರು ಬಂದಲ್ಲೆಲ್ಲ ಅದು ಬೇರೆಯವರು ಹೇಳಿದ್ದೆಂದು ತಿಳಿಯಬೇಕು. ಮಲ್ಕಮ್ಮ ಗಂಡನ ಹೆಸರು ಹೇಳುವವರಲ್ಲ. ಅವರ ಪಾಲಿಗೆ ಹುಲೆಪ್ಪ ಎಂದರೆ 'ಅವರು'. ಇಬ್ಬರೂ ಕೂಲಿ ಮಾಡಿಕೊಂಡು ಆಳಂದಕ್ಕೆ ಬಂದಾಗ ಹುಲೆಪ್ಪ ಅಮರನಾಥರ ತಂದೆಯ ಅಡತಿ ಅಂಗಡಿಯಲ್ಲಿ, ಅಂದರೆ ಕಾಳಿನ ದಲ್ಲಾಳಿ ಅಂಗಡಿಯಲ್ಲಿ, ಹಮಾಲರಾದರು. ಬೆನ್ನ ಮೇಲೆ ತೊಗರಿ ಚೀಲ ಹೊರಬಹುದಿತ್ತು, ಅದೇ ಬೆನ್ನು ಅಂಗಡಿಯ ಗಾದಿಗೆ ತಾಗುವಂತಿರಲಿಲ್ಲ. ಮುಂಬಾಗಿಲು ಬೇರೆಯವರಿಗೆ. ಹುಲೆಪ್ಪನ ಕೇರಿಯವರು ಹಿತ್ತಲಿಂದ ಬರಬೇಕು, ಹಿತ್ತಲಿಂದಲೇ ಹೋಗಬೇಕು. ಕುಡಿಯಲು ನೀರು ಬೇಕಾದರೆ ಬೊಗಸೆ ಒಡ್ಡಬೇಕು. ಈ ಮಾತು ತೆಗೆದರೆ ಅಮರನಾಥ, "ಆ ಕಾಲ ಬ್ಯಾರೆ ಇತ್ರಿ," ಎಂದು ಕೈಯಲ್ಲಿದ್ದ ಫೋನು ನೋಡತೊಡಗುತ್ತಾರೆ.

ಚೀಲ ಹೊತ್ತು ಹುಲೆಪ್ಪನ ಸೊಂಟ ಬಿದ್ದ ಮೇಲೆ ಅದೇ ಅಮರನಾಥ ಅವರನ್ನು ಹೊಸ ಕಟ್ಟಡದ ಕಾವಲಿಗೆ ಇಟ್ಟುಕೊಂಡರು, ಫೋನೂ ಕೊಡಿಸಿದರು. ಹೊಸ ಬಾಗಿಲಿಗೆ ಸೇರಿಸಿದ ಮೊದಲ ಹೆಸರು ಹುಲೆಪ್ಪನದು. ಮೊದಲ ದಿನ ಫೋನು ಹಿಡಿದರೆ ಮುಂಬಾಗಿಲು ತಾನಾಗಿ ಬಿಚ್ಚಿಕೊಂಡು "ನಮಸ್ಕಾರ, ಹುಲೆಪ್ಪ" ಅಂತು. ಮುದುಕ ಬೆಚ್ಚಿ ಹಿಂದೆ ತಿರುಗಿ ನೋಡಿದರಂತೆ, ಇದೇ ಹೆಸರಿನ ದೊಡ್ಡ ಮನುಷ್ಯ ಯಾರಾದರೂ ಬಂದಿದ್ದಾರೇನೋ ಎಂದು. ಆಮೇಲೆ ಅದರ ಹುಚ್ಚೇ ಹಿಡಿಯಿತು. ಕೆಲಸವಿಲ್ಲದಿದ್ದರೂ ಹೊರಗೆ ಬಂದು ಒಳಗೆ ಹೋಗುವುದು, ಒಳಗಿಂದ ಮತ್ತೆ ಹೊರಗೆ ಬರುವುದು.

"ರೊಟ್ಟಿ ಬುತ್ತಿ ತಗೊಂಡು ನಾ ಬಂದ್ರ, ಏ ನಿಂದ್ರ ಬೇ, ಕೇಳಿಲ್ಲಿ ಅಂತಿದ್ರು," ಎಂದು ಮಲ್ಕಮ್ಮ ನೆನೆಯುತ್ತಾರೆ. "ಬಾಗಲ ನಮಸ್ಕಾರ ಅಂದಕೂಡ್ಲೇ ನನ್ನ ಕಡಿ ನೋಡಿ ಮೀಸಿ ಮ್ಯಾಲ ಕೈ ಹಾಕ್ತಿದ್ರು. ಈ ಊರಾಗ ಅವರಿಗೆ ಮೊದಲ ನಮಸ್ಕಾರ ಹೇಳಿದ್ದು ಈ ಬಾಗಲ ನೋಡ್ರಿ. ಮನಷ್ಯಾರಲ್ಲ."

ಕಳೆದ ಮಳೆಗಾಲದಲ್ಲಿ ಹುಲೆಪ್ಪ ಎದೆನೋವೆಂದು ಮಲಗಿದವರು ಏಳಲಿಲ್ಲ. ಕಟ್ಟಡದ ಹಿಂಗೋಡೆಗೆ ತಾಗಿದ ತಮ್ಮವರ ಸ್ಮಶಾನದಲ್ಲಿ ಮಣ್ಣು ಮಾಡಿದರು. ಸತ್ತವರಿಗೆ ಪ್ರೀತಿಯ ವಸ್ತು ಜೊತೆಗೆ ಇಟ್ಟು ಕಳಿಸುವುದು ಅವರ ಮನೆತನದ ಪದ್ಧತಿ. ಹುಲೆಪ್ಪನ ತಮ್ಮ ಜಗದೇವ ಅಣ್ಣನ ಅಂಗಿಯ ಜೇಬಿನಲ್ಲಿ ಬೀಡಿಯ ಕಟ್ಟು ಇಟ್ಟರು, ಕಡ್ಡಿಪೆಟ್ಟಿಗೆ ಇಟ್ಟರು, ಕೊನೆಗೆ ಫೋನನ್ನೂ ಇಟ್ಟರು.

"ಅಣ್ಣನ ಜೀವ ಅದರಾಗ ಇತ್ರಿ. ಬಿಟ್ಟು ಹ್ಯಾಂಗ ಕಳಸೂದು?" ಎಂದು ಜಗದೇವ ಈಗಲೂ ಕೇಳುತ್ತಾರೆ. "ಚಾರ್ಜ್ ಪೂರ್ತಿ ಮಾಡೇ ಇಟ್ಟೆ. ಮಾಲಕರ ಕೀಲಿಕೈ ಮಣ್ಣಾಗ ಹೊಂಟದ ಅನ್ನೋದು ಆಗ ಯಾರ ತಲಿಗೂ ಬರಲಿಲ್ಲ."

ಬಾಗಿಲಿನ ತಲೆಗೂ ಬರಲಿಲ್ಲ. ಹುಲೆಪ್ಪನ ಕೆಲಸ ಮಲ್ಕಮ್ಮನಿಗೆ ಸಿಕ್ಕಿತು, ಬೇರೆ ಫೋನು ಬಂತು, ಅದರ ಮೇಲೆ ಅವರ ಹೆಸರು ಸೇರಿತು. ಹಳೆಯ ಹೆಸರನ್ನು ತೆಗೆಸಬೇಕೆಂದು ಯಾರಿಗೂ ತೋಚಲಿಲ್ಲ. ಸುಗ್ಗಿಯ ಚಳಿ ಬಿದ್ದ ಒಂದು ನಸುಕಿನಲ್ಲಿ ಮಲ್ಕಮ್ಮ ಬಂದು ಇನ್ನೂ ಬೇವಿನ ಗಿಡ ದಾಟಿರಲಿಲ್ಲ, ಬಾಗಿಲು ಟಕ್ಕೆಂದು ಬಿಚ್ಚಿಕೊಂಡಿತು. "ನಮಸ್ಕಾರ, ಹುಲೆಪ್ಪ."

"ನೀವೇನು ಮಾಡಿದಿರಿ?"

"ಸೆರಗ ತಲಿ ಮ್ಯಾಲ ಹೊತ್ಕೊಂಡು ಬಾಜೂ ಸರದೆ. ಹಾದಿಗಿ ಅಡ್ಡ ನಿಂತಿದ್ನಲ್ರಿ."

ಆ ಬೆಳಗು ರಸೂಲನೂ ಕೇಳಿಸಿಕೊಂಡಿದ್ದರು. ಚಹಾದ ಕೆಟಲಿ ಹಿಡಿದು ರಸ್ತೆ ದಾಟುತ್ತಿದ್ದವರು ನಡುರಸ್ತೆಯಿಂದಲೇ ಹಿಂದಿರುಗಿದರು. "ಹುಲೆಪ್ಪಜ್ಜನ ಮ್ಯಾಲ ನಂದೇನೂ ಸಿಟ್ಟಿಲ್ರಿ. ದಿನಾ ನನ್ನ ಕಡೀನೇ ಚಹಾ ಕುಡಿಯೂ ಮನಷ್ಯಾ," ಎನ್ನುತ್ತಾರೆ. "ಆದ್ರ ಅವತ್ತಿನಿಂದ ಬಿಸಲ ಬೀಳೂತನಕ ನಾ ಆ ಕಡಿ ಕಾಲ ಇಟ್ಟಿಲ್ಲ."

ಆಮೇಲೆ ವಾರದಲ್ಲಿ ಒಂದೆರಡು ಸಲ ಹಾಗಾಗತೊಡಗಿತು. ಮಲ್ಕಮ್ಮ ತಡವಾಗಿ ಬಂದ ದಿನ ಬಾಗಿಲು ಹಾರು ಹೊಡೆದು ನಿಂತಿರುತ್ತಿತ್ತು, ಒಳಗೆ ಬೀಜದ ಚೀಲಗಳು ಅನಾಥವಾಗಿ ಬಿದ್ದಿರುತ್ತಿದ್ದವು. ಕಳ್ಳತನವೇನೂ ಆಗಲಿಲ್ಲ. ಆದರೆ ಒಂದು ದಿನ ಅಮರನಾಥರೇ ಬೆಳಗಿನ ನಡಿಗೆಗೆಂದು ಬಂದು ತೆರೆದ ಬಾಗಿಲು ನೋಡಿದರು. ರಾತ್ರಿ ಮಲ್ಕಮ್ಮ ಸರಿಯಾಗಿ ಹಾಕದೆ ಹೋಗಿದ್ದಾಳೆ ಎಂದುಕೊಂಡರು. ಇನ್ನೊಮ್ಮೆ ಹೀಗೆ ಕಂಡರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಎಲ್ಲರೆದುರು ಹೇಳಿದರು. ಆ ಕೆಲಸದ ಮೇಲೆ ಮಲ್ಕಮ್ಮನ ಬಾಡಿಗೆ ಮನೆ ನಿಂತಿದೆ, ಕಲಬುರಗಿಯಲ್ಲಿ ಮಗಳು ಮಧುಮತಿಯ ನರ್ಸಿಂಗ್ ಓದು ನಿಂತಿದೆ. ಅನ್ನದ ತಟ್ಟೆಗೇ ಕಲ್ಲು ಬಿದ್ದಂತಾಯಿತು. ಮಲ್ಕಮ್ಮ ಇದ್ದದ್ದನ್ನು ಇದ್ದಂತೆ ಹೇಳಿದರು: "ನಾ ತೆರದಿಲ್ರಿ. ಅವರು ಬರಾಕತ್ಯಾರ."

ಅಮರನಾಥ ಬಯ್ಯಲಿಲ್ಲ. ಬಾಗಿಲು ಕೂಡಿಸಿದ ಕಂಪನಿಗೆ ಫೋನು ಹಚ್ಚಿದರು.

ಬಂದವರು ಜೇವರ್ಗಿಯ ಶರಣಕುಮಾರ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಇಂಥ ಬಾಗಿಲುಗಳನ್ನು ಬೈಕಿನ ಮೇಲೆ ಸುತ್ತಿ ರಿಪೇರಿ ಮಾಡುವ ಹುರುಪಿನ ಮನುಷ್ಯ. ಡಬ್ಬಿ ಬಿಚ್ಚಿ ನೋಡಿ ಕಾರಣವನ್ನೂ ಹೇಳಿದರು. ಬಾಗಿಲನ್ನು ಹಿಡಿದಿರುವುದು ಕರೆಂಟಿನ ಅಯಸ್ಕಾಂತ. ನಸುಕಿನಲ್ಲಿ ಕರೆಂಟು ಹೋದಾಗ ಒಳಗಿನ ಬ್ಯಾಟರಿ ಅದನ್ನು ಹಿಡಿದಿರಬೇಕು, ಆ ಬ್ಯಾಟರಿ ಕೆಟ್ಟಿದೆ. ಕರೆಂಟು ಬಂದಾಗ ಯಂತ್ರ ನಿದ್ದೆಗಣ್ಣಲ್ಲಿ ಎದ್ದು, ತಾನು ಮೊದಲು ಕಲಿತ ಹೆಸರನ್ನು ಬಡಬಡಿಸುತ್ತದೆ. ಬ್ಯಾಟರಿ ಬದಲಿಸಿದರಾಯಿತು, ಹಳೆಯ ಹೆಸರು ಅಳಿಸಿದರಾಯಿತು. ಎಲ್ಲರ ಮುಖದಲ್ಲೂ ಕಳೆ ಬಂತು. ಆ ಹೆಸರಿನ ಫೋನು ಎಲ್ಲಿದೆ ಎಂದು ಶರಣಕುಮಾರ ಕೇಳಿದರು. ಮಲ್ಕಮ್ಮ ಹಿಂದಿನ ಕಿಟಕಿಯತ್ತ ಕೈ ತೋರಿಸಿದರು. ಶರಣಕುಮಾರ ಅಲ್ಲಿಗೆ ಹೋಗಿ ಇಣುಕಿ ನೋಡಿ, ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟು, ಕುಡಿಯಲು ನೀರು ಕೇಳಿದರು.

ಬ್ಯಾಟರಿ ಬದಲಾಯಿತು. ಹೆಸರು ಅಳಿಸುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ಯಾರದೋ ಹೆಸರನ್ನು ಯಾರೋ ತೆಗೆಸಬಾರದೆಂದು ಕಂಪನಿಯದೊಂದು ನಿಯಮವಿದೆ. ಹೆಸರಿನವರು ತೀರಿಕೊಂಡಿದ್ದರೆ ಮನೆಯವರೇ ಫೋನಿನಲ್ಲಿ ಆ ಹೆಸರು ಹೇಳಿ, ತೆಗೆಯಿರಿ ಎನ್ನಬೇಕು. ಶರಣಕುಮಾರ ಸಹಾಯವಾಣಿಗೆ ಕರೆ ಮಾಡಿ ಫೋನನ್ನು ಮಲ್ಕಮ್ಮನ ಮುಂದೆ ಹಿಡಿದರು. ಆ ಕಡೆಯ ಹುಡುಗಿ, "ಅಮ್ಮಾ, ಯಾರ ಹೆಸರು ತೆಗೀಬೇಕು? ನೀವೇ ಹೇಳಿ," ಎಂದಳು.

ಮಲ್ಕಮ್ಮ ಬಾಯಿ ಬಿಡಲಿಲ್ಲ. ಹುಡುಗಿ ಮತ್ತೊಮ್ಮೆ ಕೇಳಿದಳು. ಕಿವಿ ಮಂದವೇನೋ ಎಂದು ಜಯಮಾಲಾ ಹತ್ತಿರ ಹೋಗಿ ಗಟ್ಟಿಯಾಗಿ ಹೇಳಿಕೊಟ್ಟರು. ತಾನೇ ಹೇಳಲೇ ಎಂದು ಜಗದೇವ ಕೇಳಿದರು. ಹೆಂಡತಿ ಇರುವಾಗ ಹೆಂಡತಿಯೇ ಹೇಳಬೇಕೆಂದಳು ಹುಡುಗಿ. ಹೇಳಿದರೆ ಗಂಡನನ್ನು ತಾನೇ ಕೈಯಾರೆ ಹೊಸ್ತಿಲಿಂದ ಹೊರಗೆ ಹಾಕಿದಂತೆ, ಹೇಳದಿದ್ದರೆ ಕೆಲಸ ಹೋಗುತ್ತದೆ.

ಈ ಕಡೆಯ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವವರಲ್ಲ. ಹೇಳಿದರೆ ಒಡಪಿನಲ್ಲಿ ಹೇಳುತ್ತಾರೆ, ಅಂದರೆ ಪ್ರಾಸ ಕೂಡಿಸಿದ ಒಂದೆರಡು ಸಾಲಿನೊಳಗೆ ಹೆಸರನ್ನು ಪೋಣಿಸಿ. ಮದುವೆಯ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಮದುಮಗಳು ಒಡಪು ಹೇಳುವವರೆಗೆ ಒಳಗೆ ಬಿಡುವುದಿಲ್ಲ. ಹಿರೋಳ್ಳಿಯ ಮನೆಯ ಹೊಸ್ತಿಲಲ್ಲಿ ಮಲ್ಕಮ್ಮನೂ ಹೇಳಿದ್ದರು:

ತೊಗರಿ ಹೊಲದಾಗ ಹಳದಿ ಹೂವಿನ ಸಾಲ,
ಹುಲೆಪ್ಪನವರ ಹೆಸರ ಹೇಳ್ತೇನಿ, ಬಿಡ್ರಿ ಬಾಗಲ.

ಅಂದು ಹೇಳಿದ್ದೇ ಮೊದಲು. ಆಮೇಲೆ ಆ ಹೆಸರು ಅವರ ನಾಲಿಗೆಗೆ ಬಂದದ್ದಿಲ್ಲ. ಅವತ್ತು ಕಟ್ಟಡದ ಮುಂದೆ, ಊರಿನ ಕಣ್ಣೆಲ್ಲ ತಮ್ಮ ಮೇಲಿರುವಾಗ, ಮಲ್ಕಮ್ಮ ಸೆರಗು ಸರಿಪಡಿಸಿಕೊಂಡು, ಬಾಗಿಲ ಕಡೆ ಮುಖ ಮಾಡಿ, ಫೋನಿನೊಳಗಿನ ಹುಡುಗಿಗಲ್ಲ, ಬಾಗಿಲಿಗೇ ಹೇಳಿದರು:

"ತೊಗರಿ ರಾಶಿ ಆತು, ಬರಿದಾತು ಹೊಲ,
ಹುಲೆಪ್ಪನವರ ಹೆಸರ ಹೇಳ್ತೇನಿ, ಹಾಕ್ರಿ ಬಾಗಲ."

ಆ ಕಡೆಯ ಹುಡುಗಿ, ಹೆಸರು ತೆಗೆದಿದೆ ಅಮ್ಮಾ ಎಂದಳು. ಶರಣಕುಮಾರ ಫೋನು ಜೇಬಿಗಿಳಿಸಿ ಬೇರೆ ಕಡೆ ನೋಡಿದರು. "ನಮ್ಮಕೀನೂ ಬಾಗಲದಾಗ ಹೇಳ್ಯಾಳ್ರಿ ಒಡಪ. ಅದನ್ನ ಒಳಗ ಬರಾಕ ಹೇಳ್ತಾರ. ಹೊರಗ ಕಳಸಾಕ ಹೇಳಿದ್ದು ನಾ ಕೇಳಿದ್ದೇ ಇಲ್ಲ," ಎನ್ನುತ್ತಾರೆ ಅವರು.

ಬಾಗಿಲು ತೆಪ್ಪಗಾಯಿತು. ಕರೆಂಟು ಹೋದರೂ ಅಲುಗಲಿಲ್ಲ, ಯಾರ ಹೆಸರೂ ಕೂಗಲಿಲ್ಲ. ಮಲ್ಕಮ್ಮನ ಕೆಲಸ ಉಳಿಯಿತು. ಅಮರನಾಥ ತಪ್ಪು ತಿಳಿದೆನೆಂದು ಒಂದು ಮಾತು ಹೇಳಿದರು, ಅದೂ ಮುಂಬಾಗಿಲಲ್ಲಿ ನಿಂತೇ. ಕತೆ ಇಲ್ಲಿಗೆ ಮುಗಿದಿದ್ದರೆ ಎಲ್ಲರೂ ನೆಮ್ಮದಿಯಿಂದ ಇರುತ್ತಿದ್ದರು.

ತಿಂಗಳೊಪ್ಪತ್ತು ಕಳೆದಿರಬೇಕು. ಒಂದು ಬೆಳಗು ಮಲ್ಕಮ್ಮ ಬೇವಿನ ಗಿಡದ ಹತ್ತಿರ ಬರುತ್ತಿದ್ದಂತೆ ಬಾಗಿಲು, ಮುಚ್ಚಿದ್ದ ಹಾಗೆಯೇ, "ನಮಸ್ಕಾರ, ಮಲ್ಕಮ್ಮ" ಅಂತು. ದೀಪ ಹತ್ತಲಿಲ್ಲ, ಅಯಸ್ಕಾಂತ ಬಿಡಲಿಲ್ಲ, ಹೆಸರಷ್ಟೇ ಬಂತು. ಶರಣಕುಮಾರನಿಗೆ ಹೇಳಿದಾಗ, ಸಂಚಿಯಲ್ಲಿದ್ದ ಫೋನಿನ ಸಪ್ಪಳ ಬಾಗಿಲಿಗೆ ದೂರದಿಂದಲೇ ಸಿಕ್ಕಿರಬೇಕು, ಬಂದ್ ಮಾಡಿ ನೋಡಿ ಎಂದರು. ಮಲ್ಕಮ್ಮ ಬಂದ್ ಮಾಡಿ ನೋಡಿದರು. ಕೆಲ ದಿನ ಬಿಟ್ಟು ಮತ್ತೆ ಕರೆಯಿತು. ಇದನ್ನು ಕೇಳಿ ಶರಣಕುಮಾರ ಖುದ್ದಾಗಿ ಬಂದು ಡಬ್ಬಿ ಬಿಚ್ಚಿ, ತಂತಿ ತಂತಿ ತಡಕಿ, ಏನೂ ಸಿಗದೆ, ಇಟ್ಟ ಚಹಾ ಕುಡಿಯದೆ, ಬಿಸಿಲಿರುವಾಗಲೇ ಜೇವರ್ಗಿ ದಾರಿ ಹಿಡಿದರು. ಬಾಗಿಲು ಮುಚ್ಚಿರುತ್ತದಲ್ಲ, ಮಾತಾಡಿದರೆ ಮಾತಾಡಲಿ ಬಿಡು ಎಂಬುದು ಅಮರನಾಥರ ತೀರ್ಮಾನ. ಅವರ ಬೆಳಗಿನ ನಡಿಗೆ ಈಗ ಬೇರೆ ರಸ್ತೆಯಲ್ಲಿ.

ಮಲ್ಕಮ್ಮ ಹೆದರುವುದಿಲ್ಲವೇ ಎಂದು ಕೇಳಿದರೆ ಮೆಟ್ಟಿಲ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತ ಹೇಳುತ್ತಾರೆ: "ಅವರು ಇದ್ದಾಗ ಒಂದ ದಿನಾ ನನ್ನ ಹೆಸರ ಹಿಡದು ಕರದವರಲ್ರಿ. ಏ ಅಂದ್ರ ನಾನು, ಬಾ ಬೇ ಅಂದ್ರ ನಾನು. ನಾ ಅವರ ಹೆಸರ ಹೇಳಿದೆ. ಈಗ ಅವರು ನಂದು ಹೇಳಾಕತ್ಯಾರ. ಲೆಕ್ಕ ಬರೊಬ್ಬರಿ ಆತಲ್ಲ." ಹೆದರಿಕೆ ಇದೆ, ಆದರೆ ಹೆದರಿಕೆಗಿಂತ ಆಸೆ ಒಂದು ತೂಕ ಹೆಚ್ಚಿದೆ ಎನ್ನುತ್ತಾರೆ.

ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಸಲದವರೆಗೆ ಓ ಎನ್ನಬಾರದೆಂದು ಅವರಿಗೆ ಅಜ್ಜಿ ಕಲಿಸಿದ್ದು. ಓಗೊಟ್ಟವರು ಕರೆದವರ ಹಿಂದೆಯೇ ಹೋಗಿಬಿಡುತ್ತಾರೆ. ದೆವ್ವ ಒಂದು ಸಲ ಕರೆಯುತ್ತದೆ, ಹೆಚ್ಚೆಂದರೆ ಎರಡು ಸಲ. ಮೂರು ಸಲ ಕರೆಯುವ ಶಕ್ತಿ ಅದಕ್ಕಿಲ್ಲ. ಮೂರನೆಯ ಸಲ ಕರೆದರೆ ಅದು ದೆವ್ವವಲ್ಲ, ನಮ್ಮ ಮನುಷ್ಯನೇ. ರಸೂಲನ ಅಮ್ಮಿಯೂ ಇದನ್ನೇ ಹೇಳುತ್ತಿದ್ದಳಂತೆ.

"ಇಲ್ಲೀತನಕ ಬಾಗಲ ಒಂದೇ ಸಲ ಕರದದ," ಎನ್ನುತ್ತಾರೆ ಮಲ್ಕಮ್ಮ. "ನಾ ಬಾಯಿ ಬಿಟ್ಟಿಲ್ಲ."

ಮರುದಿನ ನಸುಕಿನಲ್ಲಿ ಮತ್ತೆ ಅದೇ ಬೇವಿನ ಗಿಡ. ಮಲ್ಕಮ್ಮ ಫೋನು ಬಂದ್ ಮಾಡಿ, ಕಪ್ಪು ಪರದೆಯನ್ನು ಪತ್ರಿಕೆಯವರಿಗೂ ತೋರಿಸಿ, ಸಂಚಿಗೆ ಸೇರಿಸುತ್ತಾರೆ. ರಸ್ತೆಯಾಚೆ ರಸೂಲ ಒಲೆಯ ಮುಂದೆ ಕೈ ಕಟ್ಟಿ ನಿಂತಿದ್ದಾರೆ. ಗಾಳಿಯಿಲ್ಲ. ಗಾಜಿನ ಬಾಗಿಲಲ್ಲಿ ಮೂಡಣದ ಬೆಳಕು ತೆಳ್ಳಗೆ ಬಿದ್ದಿದೆ, ಅದರಲ್ಲಿ ಬೇವಿನ ಗಿಡ ಕಾಣುತ್ತದೆ, ಗಿಡದ ಕೆಳಗೆ ನಿಂತವರು ಕಾಣುತ್ತಾರೆ.

"ನಮಸ್ಕಾರ, ಮಲ್ಕಮ್ಮ."

ದೀಪ ಹತ್ತಿಲ್ಲ. ಮಲ್ಕಮ್ಮ ಕಸಬರಿಗೆಯನ್ನು ಎದೆಗೊತ್ತಿಕೊಳ್ಳುತ್ತಾರೆ. ಅವರ ತುಟಿ ಬಿಗಿದೇ ಇದೆ. ಬಸ್ ನಿಲ್ದಾಣದಲ್ಲಿ ಗುರುಗುಡುತ್ತಿದ್ದ ಬಸ್ಸು ಹೊರಟು ಹೋದ ಸದ್ದು ಬರುತ್ತದೆ. ಇನ್ನು ಆಯಿತು ಎಂದು ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಬಾಗಿಲು ಮತ್ತೆ, ಮೊದಲಿಗಿಂತ ಮೆಲ್ಲಗೆ, "ನಮಸ್ಕಾರ, ಮಲ್ಕಮ್ಮ" ಎನ್ನುತ್ತದೆ.

ಇಂದಿನವರೆಗೆ ಎರಡನೆಯ ಸಲ ಕರೆದದ್ದಿಲ್ಲ. ರಸೂಲನ ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿದೆ, ಅವರು ಅತ್ತ ನೋಡುವುದಿಲ್ಲ. ಮಲ್ಕಮ್ಮ ತಲೆಯ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಕಾಯುತ್ತಾರೆ. ತುಟಿ ಸಡಿಲಾಗಿ, ಓ ಎನ್ನಲು ಬಾಯಿ ದುಂಡಗಾಗಿದೆ. ಹೊತ್ತು ಸರಿಯುತ್ತದೆ. ಗಾಜಿನ ಮೇಲಿನ ಬೆಳಕು ಹಳದಿಗೆ ತಿರುಗುತ್ತದೆ. ಬಾಗಿಲು ಮತ್ತೆ ಮಾತಾಡುವುದಿಲ್ಲ.

ಕೊನೆಗೆ ಮಲ್ಕಮ್ಮ ಸಂಚಿಯಿಂದ ಫೋನು ತೆಗೆದು, ಚಾಲೂ ಮಾಡಿ, ತಮ್ಮ ಕೈಯಾರೆ ಬಾಗಿಲು ತೆರೆಯುತ್ತಾರೆ. ಫೋನಿಗೆ ಬಂದ ನಮಸ್ಕಾರ ಲೆಕ್ಕಕ್ಕಿಲ್ಲ. ಹೊಸ್ತಿಲ ಮೇಲೆ ನಿಂತು ಒಳಗಿನ ಕತ್ತಲಿಗೆ, ಮನೆಯಲ್ಲಿ ಗಂಡನಿಗೆ ಹೇಳುವ ಗತ್ತಿನಲ್ಲೇ ಹೇಳುತ್ತಾರೆ: "ಅವಸರ ಮಾಡಬ್ಯಾಡ್ರಿ. ಮಗಳ ಓದು ಮುಗೀಲಿ. ಮ್ಯಾಲಿನ ಮಾಳಗಿ ಕಸಾ ಇನ್ನಾ ಹಂಗೇ ಅದ."